ಚೆನ್ನಾಗಿ ಒಗೆದ ಅಂಗಿ

ಹೋದ ಭಾನುವಾರ ಬೀರುವಿನ ಕೆಳಗಿನ ಅರೆಯನ್ನು ಖಾಲಿ ಮಾಡುತ್ತಿದ್ದಾಗ ಒಂದು ಹಳೆಯ ಬಿಳಿ ಹೊದಿಕೆ ಕೈಗೆ ಸಿಕ್ಕಿತು. ನಡುವೆ ನವೆದು, ಬೆಳಕಿಗೆ ಹಿಡಿದರೆ ಕಿಟಕಿಯ ಸರಳು ಕಾಣುವಷ್ಟು ತೆಳ್ಳಗಾಗಿತ್ತು. ನೆಲ ಒರೆಸಲು ಹರಿದುಬಿಡೋಣವೆಂದು ಅಂಚು ಹಿಡಿದೆ. ಮೂಲೆಯಲ್ಲಿ, ಹೊಲಿಗೆಯ ಪಕ್ಕ, ಸಾಸಿವೆ ಗಾತ್ರದ ಮೂರು ಕಪ್ಪು ಚುಕ್ಕಿ, ಕೆಳಗೆ ಒಂದು ಅಡ್ಡಗೆರೆ. ಬಟ್ಟೆಯೇ ಸವೆದುಹೋಗಿದ್ದರೂ ಚುಕ್ಕಿಗಳು ನಿನ್ನೆ ಇಟ್ಟ ಹಾಗಿದ್ದವು. ಹರಿಯಲು ಕೈ ಬರಲಿಲ್ಲ, ಅಲ್ಲೇ ನೆಲದ ಮೇಲೆ ಕೂತೆ...

ಮೂರು ಚುಕ್ಕಿ, ಒಂದು ಗೆರೆ ಎಂದರೆ ನಮ್ಮ ಮನೆ. ಹಾಗೆಂದು ತೀರ್ಮಾನ ಮಾಡಿದವರು ನಂಜನಗೂಡಿನ ನಮ್ಮ ಬೀದಿಯ ಇಸ್ತ್ರಿಯವರು. ಹೊಂಗೆ ಮರದ ಕೆಳಗೆ ನಾಲ್ಕು ಗಾಲಿಯ ಗಾಡಿ, ಅದರ ಮೇಲೆ ಇದ್ದಿಲಿನ ಪೆಟ್ಟಿಗೆ, ಪಕ್ಕದಲ್ಲಿ ಒಂದು ತಂಬಿಗೆ ನೀರು. ಮಿಲಿಟರಿಯಲ್ಲಿ ಬಟ್ಟೆ ಒಗೆಯುವ ಕೆಲಸ ಮಾಡಿ ನಿವೃತ್ತರಾಗಿ ಬಂದವರು. ಹುಟ್ಟೂರು ಟಿ. ನರಸೀಪುರ. ಅಲ್ಲಿ ಹೊಳೆದಂಡೆಯಲ್ಲಿ ಅವರ ಅಪ್ಪ, ಅಪ್ಪನ ಅಪ್ಪ ಒಗೆಯುತ್ತಿದ್ದ ಕಲ್ಲುಗಳು ಇನ್ನೂ ಇವೆ ಎಂದು ಹೇಳುತ್ತಿದ್ದರು.

ಗುರುತು ಹಾಕುವುದನ್ನು ಅವರು ಅಪ್ಪನಿಂದ ಕಲಿತಿದ್ದರು. ಕರಿಗೇರು ಬೀಜಕ್ಕೆ ಸೂಜಿ ಚುಚ್ಚಿ, ಒಸರುವ ರಸದಲ್ಲಿ ಬಟ್ಟೆಯ ಮೂಲೆಗೆ ಚುಕ್ಕಿ ಇಟ್ಟು, ಮೇಲೆ ಒದ್ದೆ ಸುಣ್ಣ ಸವರುತ್ತಿದ್ದರು. ಬಟ್ಟೆ ಹರಿದರೂ ಆ ಕಪ್ಪು ಹೋಗುವುದಿಲ್ಲ. ರಸ ತಾಗಿದರೆ ಚರ್ಮ ಬೊಬ್ಬೆ ಏಳುತ್ತದೆ. ಅವರ ಬಲಗೈ ಹೆಬ್ಬೆಟ್ಟಿನ ತುದಿ ಸದಾ ಸುಲಿದಿರುತ್ತಿತ್ತು. ಬೀದಿಯ ಪ್ರತಿ ಮನೆಗೂ ಒಂದೊಂದು ಗುರುತು. ಯಾವ ಪುಸ್ತಕದಲ್ಲೂ ಬರೆದಿಟ್ಟುಕೊಂಡಿರಲಿಲ್ಲ, ಎಲ್ಲವೂ ತಲೆಯಲ್ಲೇ.

ನನಗೂ ಅವರಿಗೂ ಪರಿಚಯವಾದದ್ದೇ ಜಗಳದಿಂದ. ಹೊಸ ಹೊದಿಕೆಗೆ ಕೇಳದೆ ಮಸಿ ಬಳಿದಿದ್ದೀರಿ ಎಂದು ನಾನು ಗಾಡಿಯ ಮುಂದೆ ನಿಂತು ದಬಾಯಿಸಿದೆ. ಕವಲಂದೆಯ ಹೈಸ್ಕೂಲಿನಲ್ಲಿ ಇಪ್ಪತ್ತಾರು ವರ್ಷ ಹಿಂದಿ ಕಲಿಸಿದವಳು ನಾನು, ದಬಾಯಿಸುವುದು ರಕ್ತದಲ್ಲೇ ಇದೆ. ಅವರು ಇಸ್ತ್ರಿ ಪೆಟ್ಟಿಗೆಯನ್ನು ಪಕ್ಕಕ್ಕಿಟ್ಟು, "ಕಳ್ದೋದ್ರೆ ಯಾರ್ದು ಅಂತ ಏಳದು ಟೀಚರಮ್ಮ?" ಎಂದರು. ಅಷ್ಟೇ. ಮುಂದಿನ ವಾರ ಮತ್ತೆ ಬಟ್ಟೆ ಕೊಟ್ಟೆ. ಇನ್ನೊಮ್ಮೆ, ನಮ್ಮ ಅತ್ತೆ ತೀರಿಕೊಂಡ ಮೇಲೆ ಒಗೆದು ಬಂದ ಅವರ ಸೀರೆಯಲ್ಲಿ ಗುರುತಿನ ಸುತ್ತ ಒಂದು ಕಪ್ಪು ಬಳೆಯಂಥದ್ದು ಕಂಡಿತು. ಕೈ ಜಾರಿ ಕೆಡಿಸಿದ್ದಾರೆಂದು ಅದಕ್ಕೂ ಬೈದಿದ್ದೆ. ಅವರು ಸೀರೆಯನ್ನು ಮತ್ತೆ ಮಡಿಸಿ ನನ್ನ ಕೈಗಿಟ್ಟರು.

ಮಿಲಿಟರಿಯ ವಿಷಯ ಅವರ ಬಾಯಲ್ಲಿ ಬರುತ್ತಿದ್ದದ್ದು ಕಡಿಮೆ. ಚಳಿಯ ಬಗ್ಗೆ ಹೇಳುತ್ತಿದ್ದರು, ಹೆಪ್ಪುಗಟ್ಟಿ ಹಲಗೆಯಂತಾದ ಪ್ಯಾಂಟುಗಳ ಬಗ್ಗೆ ನಗುತ್ತಾ ಹೇಳುತ್ತಿದ್ದರು. ಕೊನೆಯ ನಾಲ್ಕು ವರ್ಷ ಉತ್ತರದ ಕಡೆಯ ಒಂದು ದಂಡಿನ ಊರಿನಲ್ಲಿ, ಮಿಲಿಟರಿಯದೇ ಜೈಲಿನಲ್ಲಿ ಒಗೆಯುತ್ತಿದ್ದರಂತೆ. ತಪ್ಪು ಮಾಡಿದ ಸೈನಿಕರನ್ನು ಇಡುವ ಜಾಗ. ರಜೆ ಮುಗಿದು ತಡವಾಗಿ ಬಂದವರು, ಮೇಲಿನವರಿಗೆ ಎದುರು ಮಾತಾಡಿದವರು... ಅಷ್ಟು ಹೇಳಿ ಇದ್ದಿಲು ಊದಲು ಶುರುಮಾಡುತ್ತಿದ್ದರು. ನಾನೂ ಕೆದಕುತ್ತಿರಲಿಲ್ಲ.

ನಾನು ನಿವೃತ್ತಳಾದ ಮರುವರ್ಷ ತನಿಖಾಧಿಕಾರಿಯೊಬ್ಬರು ಊರಿಗೆ ಬಂದರು. ಆ ಜೈಲಿನಲ್ಲಿ ಬಂದಿಗಳಿಗೆ ಕೊಡುತ್ತಿದ್ದ ಹಿಂಸೆಯ ಬಗ್ಗೆ ನ್ಯಾಯಾಲಯ ವಿಚಾರಣೆಗೆ ಆದೇಶಿಸಿತ್ತು. ಅದಕ್ಕೆ ಕಾರಣ ಒಬ್ಬ ತಾಯಿ. ಆಕೆಯ ಮಗ, ಇಪ್ಪತ್ಮೂರು ವರ್ಷದ ಸೈನಿಕ, ಜೈಲಿನ ಗೋಡೆ ಹಾರಿ ಓಡಿಹೋದನೆಂದು ಕಾಗದ ಬಂದಿತ್ತಂತೆ. ಓಡಿಹೋದವನ ಮನೆಯೆಂದು ಊರು ಅವರನ್ನು ದೂರವಿಟ್ಟಿತ್ತು. ಮಗ ಓಡುವವನಲ್ಲ ಎಂದು ಆಕೆ ವರ್ಷಗಟ್ಟಲೆ ಅರ್ಜಿ ಹಾಕಿದ್ದಳು. ಕೊನೆಗೆ ಜೈಲಿನ ಗೋದಾಮಿನಲ್ಲಿ, ಹಳೆಯ ಬಟ್ಟೆಯ ಮೂಟೆಯೊಂದರಲ್ಲಿ, ಎದೆಯ ನಂಬರನ್ನು ಕಿತ್ತು ತೆಗೆದ ಒಂದು ಅಂಗಿ ಸಿಕ್ಕಿತು. ಅದು ಯಾರದೆಂದು ಹೇಳಬಲ್ಲವರು ಯಾರೂ ಇರಲಿಲ್ಲ. ಅಂಚಿನಲ್ಲಿ ಮಾತ್ರ ಯಾರಿಗೂ ಅರ್ಥವಾಗದ ಒಂದು ಕಪ್ಪು ಗುರುತು.

ಹೇಳಿಕೆ ಕೊಡಲು ನಮ್ಮ ಇಸ್ತ್ರಿಯವರು ಒಪ್ಪಿದರು, ಆದರೆ ಕನ್ನಡದಲ್ಲೇ ಹೇಳುತ್ತೇನೆ, ಟೀಚರಮ್ಮ ಹಿಂದಿಗೆ ಮಾಡಲಿ ಎಂದರು. ನನಗೆ ಆಶ್ಚರ್ಯ. ಇಪ್ಪತ್ತು ವರ್ಷ ಆ ಕಡೆ ಇದ್ದವರು, ನನಗಿಂತ ಸರಾಗವಾಗಿ ಮಾತಾಡುತ್ತಿದ್ದರು. ಯಾಕೆ ಎಂದು ಕೇಳಿದೆ.

"ಇಂದೀಲಿ ನಂಗೆ ಊಂ ಅನ್ನಕ್ ಮಾತ್ರ ಬತ್ತದೆ ಟೀಚರಮ್ಮ" ಎಂದರು. "ಇಪ್ಪತ್ ವರ್ಸ ಸಾಬ್ರ ಮುಂದೆ ಜೀ ಸಾಬ್ ಅಂದಂದು ನಾಲ್ಗೆ ಅಂಗೇ ಬಗ್ಗೋಗದೆ. ಇಲ್ಲ ಅನ್ಬೇಕು ಅಂದ್ರೆ ನಮ್ ಮಾತೇ ಬೇಕು."

ಹೇಳಿಕೆಯ ಹಿಂದಿನ ಸಂಜೆ ಅವರ ಹೆಂಡತಿ ನಮ್ಮ ಮನೆಗೆ ಬಂದರು. ಅಡುಗೆಮನೆಯ ಬಾಗಿಲಲ್ಲೇ ನಿಂತರು, ಕೂರಲಿಲ್ಲ. ಗಟ್ಟಿ ಹೆಂಗಸು, ಕಣ್ಣೀರು ಹಾಕುವವರಲ್ಲ. "ಅವ್ರು ಏನೇನೋ ಏಳ್ಕಂಡ್ ಬುಟ್ಟಾರು. ಆಮೇಕೆ ಅವ್ರನ್ನೇ ಒಳಕ್ಕಾಕಿದ್ರೆ? ಪೆನ್ಸನ್ ನಿಂತೋದ್ರೆ? ನೀವ್ ನೋಡ್ಕಳಿ ಅವ್ವಾ, ನಿಮ್ ಬಾಯಿಂದ್ಲೇ ಓಗದಲ್ವಾ ಎಲ್ಲಾವ" ಎಂದರು. ನಾನು ನೋಡಿಕೊಳ್ಳುತ್ತೇನೆ ಎಂದೆ. ಮಾತು ಕೊಡುವುದು ನನಗೆ ಸುಲಭ. ಎಷ್ಟೋ ತಾಯಂದಿರಿಗೆ, ನಿಮ್ಮ ಮಗಳನ್ನು ಪಾಸು ಮಾಡಿಸುತ್ತೇನೆ ಎಂದು ಇದೇ ದನಿಯಲ್ಲಿ ಹೇಳಿ ಮಾಡಿಸಿದವಳು ನಾನು.

ಪ್ರವಾಸಿ ಮಂದಿರದ ಒಂದು ಕೋಣೆಯಲ್ಲಿ ಕೂತಿದ್ದೆವು. ಮೇಜಿನ ಆಚೆ ಅಧಿಕಾರಿ, ಪಕ್ಕದಲ್ಲಿ ಲ್ಯಾಪ್‌ಟಾಪ್ ಹಿಡಿದ ಗುಮಾಸ್ತ. ಈಚೆ ನಾವಿಬ್ಬರು. ಇಸ್ತ್ರಿಯವರು ತಾವೇ ಗಂಜಿ ಹಾಕಿ ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟಿದ್ದರು. ತೋಳಿನ ಮಡಿಕೆಯಲ್ಲಿ ಬೆರಳು ಕೊಯ್ದುಕೊಳ್ಳಬಹುದಿತ್ತು. ಅಧಿಕಾರಿ ಒಳ್ಳೆಯ ಮನುಷ್ಯ, ಅವಸರವಿಲ್ಲದವರು. ಜೈಲಿನಲ್ಲಿ ಏನು ನೋಡಿದಿರಿ ಎಂದು ಕೇಳಿದರು.

ಕಣ್ಣಾರೆ ಏನೂ ನೋಡಿಲ್ಲ, ಬಟ್ಟೆ ನೋಡಿದ್ದೇನೆ ಎಂದರು ಇಸ್ತ್ರಿಯವರು. ಒಳಗೆ ಅವರನ್ನು ಬಿಡುತ್ತಿರಲಿಲ್ಲ, ಮೂಟೆ ಮಾತ್ರ ಹೊರಗೆ ಬರುತ್ತಿತ್ತು. ಆ ಮೂಟೆಯಿಂದ ಅವರಿಗೆ ಗೊತ್ತಾದದ್ದನ್ನು ಒಂದೊಂದಾಗಿ ಹೇಳಿದರು. ಒಂದು ಕೋಣೆಯವರ ಪ್ಯಾಂಟುಗಳೆಲ್ಲ ಮೊಣಕಾಲಿನಲ್ಲೇ ಸವೆದಿದ್ದವು. ಜಲ್ಲಿಯ ಮೇಲೆ ಮಂಡಿಯೂರಿ ನಡೆಸುತ್ತಿದ್ದರು. ಚಳಿಗಾಲದಲ್ಲಿ ಬೆಳಗಿನ ಮೂಟೆ ಪೂರ್ತಿ ನೆನೆದು ಬರುತ್ತಿತ್ತು, ಕೊಳೆಯೇ ಇಲ್ಲದೆ. ಬಟ್ಟೆ ಮೈಮೇಲಿದ್ದಾಗಲೇ ನೀರು ಸುರಿದು ನಿಲ್ಲಿಸುತ್ತಿದ್ದರು. ಅಂಗಿಗಳ ಗುಂಡಿ ಮೇಲಿನಿಂದ ಕೆಳಗಿನವರೆಗೆ ಒಂದೇ ಎಳೆತಕ್ಕೆ ಕಿತ್ತುಹೋಗಿರುತ್ತಿದ್ದವು. "ತಾನಾಗೆ ಬಿಚ್ದೋನ ಅಂಗಿ ಅಂಗಿರಾಕಿಲ್ಲ ಸಾ" ಎಂದರು. ಹಿಂದಿಗೆ ತರುವಾಗ ನಾನು ಎರಡು ಸಲ ಪದ ಹುಡುಕಿದೆ. ಅವರ ದನಿ ಮಾತ್ರ ಒಂದೇ ಸಮನಾಗಿತ್ತು.

ಆಮೇಲೆ ಅಧಿಕಾರಿ ಮೊಹರು ಮಾಡಿದ ಲಕೋಟೆಯಿಂದ ಆ ಅಂಗಿಯನ್ನು ತೆಗೆದು ಮೇಜಿನ ಮೇಲೆ ಹರಡಿದರು. ಇಸ್ತ್ರಿಯವರು ಎದೆಯ ಕಡೆ ನೋಡಲೇ ಇಲ್ಲ. ನೇರವಾಗಿ ಅಂಚನ್ನು ತಿರುಗಿಸಿ ಹೆಬ್ಬೆಟ್ಟು ಇಟ್ಟರು. ಎರಡು ಗೆರೆ, ನಡುವೆ ಒಂದು ಚುಕ್ಕಿ.

ಜೈಲಿನ ನಂಬರು ಒಬ್ಬ ಹೋದರೆ ಇನ್ನೊಬ್ಬನಿಗೆ ಹೋಗುತ್ತಿತ್ತಂತೆ. ಬಟ್ಟೆ ಅದಲುಬದಲಾದರೆ ಬಂದಿಗಳಿಗೇ ಹೊಡೆತ ಬೀಳುತ್ತಿತ್ತು. ಅದಕ್ಕೆ ಇವರು ನರಸೀಪುರದಲ್ಲಿ ಮನೆ ಮನೆಗೆ ಹಾಕುತ್ತಿದ್ದ ಹಾಗೆ, ಬಂದಿಗಳಿಗೆ ಒಬ್ಬೊಬ್ಬರಿಗೂ ತಮ್ಮದೇ ಒಂದು ಗುರುತು ಹಾಕಿಕೊಂಡಿದ್ದರು. ಯಾರ ಗುರುತು ಯಾವುದು ಎಂದು ಅಧಿಕಾರಿ ಪಟ್ಟಿ ಹಿಡಿದು ಕೇಳಿದರು. ಇವರು ಹದಿನೇಳು ಹೆಸರಿಗೆ ಹದಿನೇಳು ಗುರುತನ್ನು ಬೆರಳಿನಲ್ಲಿ ಮೇಜಿನ ಮೇಲೆ ಬರೆದು ತೋರಿಸಿದರು. ಅಧಿಕಾರಿ ಗೋದಾಮಿನಲ್ಲಿ ನಂಬರು ಉಳಿದಿದ್ದ ಬೇರೆ ಬಟ್ಟೆಗಳ ಫೋಟೋಗಳನ್ನು ಹೊರತೆಗೆದು ತಾಳೆ ನೋಡಿದರು. ಒಂದೂ ತಪ್ಪಿರಲಿಲ್ಲ. ಎರಡು ಗೆರೆ, ನಡುವೆ ಚುಕ್ಕಿ ಎಂದರೆ ಆ ತಾಯಿಯ ಮಗ. ಜೈಲಿನ ಅಂಗಿ ತೊಟ್ಟೇ ಅವನು ಗೋಡೆ ಹಾರಿದನೆಂದು ಜೈಲಿನವರು ಬರೆದಿದ್ದರು, ಆ ಅಂಗಿ ಇಲ್ಲಿ ಮೇಜಿನ ಮೇಲಿತ್ತು.

ಗುರುತಿನ ಸುತ್ತ ಇದೇನು ಬಳೆ ಎಂದು ಅಧಿಕಾರಿ ಕೇಳಿದರು. ನಾನು ಬಗ್ಗಿ ನೋಡಿದೆ. ನಮ್ಮ ಅತ್ತೆಯ ಸೀರೆಯಲ್ಲಿ ನೋಡಿದ್ದಂಥದ್ದೇ.

"ಸಾವಾದ್ ಮನೆ ಬಟ್ಟೆಗೆ ಸುತ್ತು ಆಕ್ತೀವಿ ಸಾ. ಬ್ಯಾರೆಯವ್ರ ಬಟ್ಟೆ ಜೊತ್ಗೆ ಬೆರೀಬಾರ್ದು ಅಂತ. ನಮ್ಮಪ್ಪ ಕಲ್ಸಿದ್ದು. ಅವತ್ತು ಕೈ ತಾನಾಗೇ ಆಕ್ತು."

ಅಧಿಕಾರಿ ಕಡತ ತಿರುಗಿಸಿ ಹೇಳಿದರು: ಪ್ರಯೋಗಾಲಯಕ್ಕೆ ಕಳಿಸಿದ್ದೆವು, ಈ ಅಂಗಿಯಲ್ಲಿ ರಕ್ತದ ಕಲೆ ಒಂದಿಷ್ಟೂ ಸಿಕ್ಕಿಲ್ಲ. ಹೊಡೆದು ಸಾಯಿಸಿದ್ದಾರೆಂದು ನಾನು ಹೇಗೆ ಬರೆಯಲಿ?

"ಸಿಕ್ಕಾಕಿಲ್ಲ ಸಾ" ಎಂದರು ಇಸ್ತ್ರಿಯವರು. "ನಾನ್ ಒಗ್ದಿದ್ದು."

ಆ ಮಾತಿನಲ್ಲಿ ಅವರಿಗೇ ಗೊತ್ತಿಲ್ಲದ ಹಾಗೆ ಒಂದು ಹೆಮ್ಮೆ ಇತ್ತು. ಮರುಕ್ಷಣವೇ ಅದು ಅವರಿಗೂ ಗೊತ್ತಾಯಿತೆಂದು ಕಾಣುತ್ತದೆ, ತಲೆ ತಗ್ಗಿಸಿದರು. ನೆತ್ತರಿನ ಬಟ್ಟೆಯನ್ನು ಬಿಸಿನೀರಿಗೆ ಹಾಕಬಾರದು, ಕಲೆ ಕಚ್ಚಿಕೊಳ್ಳುತ್ತದೆ. ತಣ್ಣೀರಿನಲ್ಲಿ ಉಪ್ಪು ಹಾಕಿ ನೆನೆಸಿ, ಮೂರು ಸಲ ನೀರು ಬದಲಿಸಬೇಕು. ಹಾಗೆಯೇ ಮಾಡಿದೆ ಎಂದು ಹೇಳಿದರು. ಕಾವಲಿನವನು ಆ ಅಂಗಿಯನ್ನು ಕೈಗೆ ಕೊಟ್ಟು ಸ್ವಚ್ಛ ಮಾಡು ಎಂದಿದ್ದ. ಬಕೆಟ್ಟಿನಲ್ಲಿ ಅದ್ದಿ ಹಾಗೇ ಕೊಟ್ಟಿದ್ದರೂ ಅವನಿಗೆ ಗೊತ್ತಾಗುತ್ತಿರಲಿಲ್ಲ. ಅರ್ಧಂಬರ್ಧ ಒಗೆದು ಕೊಡಲು ಇವರ ಕೈಗೆ ಬರಲಿಲ್ಲ. ಆ ಸೈನಿಕನಿಗೆ ಏನಾಯಿತೆಂದು ಹೇಳಬಹುದಾಗಿದ್ದ ಒಂದೇ ಒಂದು ವಸ್ತುವನ್ನು ಅವರು ಹಾಲಿನ ಹಾಗೆ ಬೆಳ್ಳಗೆ ಮಾಡಿ, ಮಡಿಸಿ ಕೊಟ್ಟುಬಿಟ್ಟಿದ್ದರು.

"ನೆತ್ರು ಅಂತ ಗೊತ್ತಿತ್ತು. ಅವ್ನು ಸತ್ತೋಗವ್ನೆ ಅಂತ್ಲೂವೆ ಗೊತ್ತಿತ್ತು. ಗೊತ್ತಿದ್ದೂವೆ ಒಗ್ದೆ, ಗೊತ್ತಿದ್ದೂವೆ ಸುಮ್ಕಿದ್ದೆ. ಬರ್ಕಳಿ ಸಾ" ಎಂದರು.

ನಾನು ಹಿಂದಿಗೆ ತಂದೆ. ಅಂಗಿಯ ಮೇಲೆ ತುಂಬ ರಕ್ತವಿತ್ತು, ಕಾವಲಿನವರ ಆಜ್ಞೆಯಂತೆ ಒಗೆದೆ, ಎಂದೆ. ಅಲ್ಲಿಗೆ ನಿಲ್ಲಿಸಿ ನೀರು ಕುಡಿದೆ. ಗೊತ್ತಿದ್ದೂ ಒಗೆದದ್ದು, ಗೊತ್ತಿದ್ದೂ ಸುಮ್ಮನಿದ್ದದ್ದು ನನ್ನ ಬಾಯಿಂದ ಹೊರಗೆ ಬರಲಿಲ್ಲ. ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಅವರ ಹೆಂಡತಿ ಕಣ್ಣ ಮುಂದೆ ಇದ್ದರು. ಸಾಕ್ಷ್ಯ ಅಳಿಸಿದವನೆಂದು ಇವರ ಮೇಲೇ ಮೊಕದ್ದಮೆ ಹಾಕಲು ಆ ಒಂದು ಮಾತು ಸಾಕಿತ್ತು. ಜಾಣತನ ಮಾಡಿದೆ ಎಂದೇ ಆಗ ಅಂದುಕೊಂಡೆ. ಗುಮಾಸ್ತ ಟೈಪು ಮಾಡುತ್ತಿದ್ದ.

ಇಸ್ತ್ರಿಯವರು ನನ್ನ ಕಡೆ ತಿರುಗಿದರು. ಸಿಟ್ಟಿರಲಿಲ್ಲ. ಹುಳುಕು ಸೋರೆಕಾಯಿ ತಂದವರನ್ನು ನೋಡುವ ಹಾಗೆ ನೋಡಿದರು.

"ಟೀಚರಮ್ಮ, ಒಂದ್ ಮಾತು ಬುಟ್ಬುಟ್ರಿ."

ನಾನು ನೀರಿನ ಲೋಟವನ್ನು ಮತ್ತೆ ಕೈಗೆತ್ತಿಕೊಂಡೆ. ಅವರು ಕಾದರು. ಅಧಿಕಾರಿ ಇಬ್ಬರನ್ನೂ ನೋಡಿದರು. ನನಗಿಂತ ಚೆನ್ನಾಗಿ ಹಿಂದಿ ಬಲ್ಲ ಇಸ್ತ್ರಿಯವರು ಪಕ್ಕದಲ್ಲೇ ಕೂತು ಒಂದೊಂದು ಪದವನ್ನೂ ತಾಳೆ ನೋಡುತ್ತಿದ್ದಾರೆಂಬುದು ನನಗೆ ಮರೆತೇ ಹೋಗಿತ್ತು! ಅಷ್ಟು ವರ್ಷ ಮಕ್ಕಳ ಪುಸ್ತಕದಲ್ಲಿ ಬಿಟ್ಟುಹೋದ ಸಾಲಿಗೆ ಕೆಂಪು ಶಾಯಿಯಲ್ಲಿ ಸುತ್ತು ಹಾಕಿದವಳ ಮುಖ ಆವತ್ತು ಬಿಸಿಯಾಯಿತು. ಕೊನೆಗೆ ಅವರೇ ಅಧಿಕಾರಿಯ ಕಡೆ ತಿರುಗಿ, ಎದ್ದು ನಿಂತು, ಬಿಟ್ಟುಹೋದದ್ದನ್ನು ಹಿಂದಿಯಲ್ಲೇ ಹೇಳಿದರು. ನಿಧಾನವಾಗಿ, ಕಣ್ಣೆತ್ತಿ. ಜೀ ಎಂಬುದಾಗಲಿ ಸಾಬ್ ಎಂಬುದಾಗಲಿ ಆ ಮಾತಿನಲ್ಲಿ ಒಂದು ಕಡೆಯೂ ಬರಲಿಲ್ಲ.

ಹೊರಗೆ ಬಂದ ಮೇಲೆ ಮರದ ಕೆಳಗೆ ನಿಂತು, ನಿಮ್ಮ ಹೆಂಡತಿಗೆ ಮಾತು ಕೊಟ್ಟಿದ್ದೆ ಎಂದೆ. "ಗೊತ್ತು" ಎಂದರು. "ಆ ತಾಯಿಗೂ ಯಾರಾರ ಮಾತ್ ಕೊಡ್ಬೇಕಲ್ಲ ಟೀಚರಮ್ಮ." ಇಬ್ಬರೂ ರೈಲ್ವೆ ಗೇಟಿನವರೆಗೆ ನಡೆದೆವು.

ಅವರ ಹೆಂಡತಿ ಆರು ತಿಂಗಳು ನನ್ನೊಡನೆ ಮಾತು ಬಿಟ್ಟರು. ಬಟ್ಟೆ ಒಗೆದು ಬರುತ್ತಿತ್ತು, ಇಸ್ತ್ರಿಯಾಗಿ ಬರುತ್ತಿತ್ತು, ಮಾತು ಬರುತ್ತಿರಲಿಲ್ಲ. ಅಷ್ಟರಲ್ಲಿ ಇಸ್ತ್ರಿಯವರನ್ನು ಆ ದಂಡಿನ ಊರಿಗೇ ಕರೆಸಿದರು. ಹಿಡಿದು ಒಳಗೆ ಹಾಕುತ್ತಾರೆಂದು ಬೀದಿಯವರೆಲ್ಲ ಮಾತಾಡಿಕೊಂಡರು. ನನಗೆ ಮಾತ್ರ ಅಂಥ ಭಯವಾಗಲಿಲ್ಲ. ಬೆನ್ನು ನೆಟ್ಟಗಿಟ್ಟುಕೊಂಡು ತನ್ನ ತಪ್ಪನ್ನು ತಾನೇ ಹೇಳುವವನನ್ನು ಬಗ್ಗಿಸುವುದು ಅಷ್ಟು ಸುಲಭವಲ್ಲ ಎಂದು ನಾನು ಅವತ್ತೇ ನೋಡಿದ್ದೆ. ಹನ್ನೆರಡು ದಿನಕ್ಕೆ ವಾಪಸು ಬಂದರು. ಅವರನ್ನು ಸಾಕ್ಷಿಯಾಗಿಯೇ ಇಟ್ಟುಕೊಂಡಿದ್ದರು. ಇವರು ಹೇಳಿದ ಮೇಲೆ ಆ ಹದಿನೇಳು ಜನರಲ್ಲಿ ನಾಲ್ವರು ಬಾಯಿ ಬಿಟ್ಟರಂತೆ. ಮೊಣಕಾಲು ಸವೆದ ಪ್ಯಾಂಟಿನವರು... ಒಬ್ಬ ಇವರ ಕೈ ಹಿಡಿದುಕೊಂಡು, ನಮ್ಮ ಬಟ್ಟೆ ಯಾವತ್ತೂ ಬೆಚ್ಚಗೆ ಬರುತ್ತಿತ್ತು, ಯಾಕೆಂದು ಈಗ ಗೊತ್ತಾಯಿತು ಎಂದನಂತೆ. ಚಳಿಗಾಲದಲ್ಲಿ ಇವರು ಒಳಗಿನವರ ಬಟ್ಟೆಯನ್ನೆಲ್ಲ ಕೊನೆಗೆ ಇಸ್ತ್ರಿ ಮಾಡಿ, ಕಾವು ಆರುವ ಮೊದಲೇ ಕಳಿಸುತ್ತಿದ್ದರಂತೆ. ಈ ವಿಷಯವನ್ನು ಹೇಳಿಕೆಯಲ್ಲಿ ಯಾಕೆ ಹೇಳಲಿಲ್ಲ ಎಂದು ಗದರಿದೆ. "ಕೇಳಿದ್ದು ಅದಲ್ವಲ್ಲ" ಎಂದರು.

ವಿಚಾರಣೆಯ ತೀರ್ಮಾನ ಬರಲು ತಡವಾಯಿತು. ಆ ನಡುವೆ ಅವರಿಗೆ ಕೆಮ್ಮು ಹತ್ತಿತು. ಇದ್ದಿಲಿನ ಹೊಗೆ ಎಂದು ಅವರು, ಡಾಕ್ಟರಿಗೆ ತೋರಿಸಿ ಎಂದು ನಾನು. ಮೈಸೂರಿಗೆ ಕರೆದುಕೊಂಡು ಹೋಗುವ ಹೊತ್ತಿಗೆ ಶ್ವಾಸಕೋಶ ಮುಗಿದುಹೋಗಿತ್ತು. ತೀರಿಕೊಂಡ ಮೇಲೆ ನರಸೀಪುರಕ್ಕೇ ಒಯ್ದು, ಹೊಳೆದಂಡೆಯಲ್ಲಿ ಅಪ್ಪನ ಕಲ್ಲುಗಳಿಗೆ ಕಾಣುವ ಹಾಗೆ ಮಣ್ಣು ಮಾಡಿದರು.

ನಾಲ್ಕು ತಿಂಗಳಿಗೆ ಒಂದು ಕಾಗದ ಬಂತು. ಅಧಿಕಾರಿಯ ಕಚೇರಿಯ ಮೂಲಕ, ಹೇಳಿಕೆಯಲ್ಲಿ ಕೊಟ್ಟಿದ್ದ ನನ್ನ ವಿಳಾಸಕ್ಕೆ, ಇಸ್ತ್ರಿಯವರ ಹೆಸರಿಗೆ. ಆ ತಾಯಿ ಮಗಳಿಂದ ಬರೆಸಿದ್ದಳು, ಹಿಂದಿಯಲ್ಲಿ. ನಾನು ಮನೆಯಲ್ಲಿ ಒಂದು ಸಲ ಓದಿಕೊಂಡು, ಅದನ್ನು ಹಿಡಿದು ಅವರ ಹೆಂಡತಿಯ ಬಳಿ ಹೋದೆ. ದಾರಿಯುದ್ದಕ್ಕೂ ಒಂದೇ ಯೋಚನೆ, ಒಂದು ಸಾಲನ್ನು ಬಿಟ್ಟು ಓದಿಬಿಡಲೇ? ಗಂಡನನ್ನು ಕಳೆದುಕೊಂಡ ಹೆಂಗಸು, ಒಂದು ಸಾಲು ಬಿಟ್ಟರೆ ಯಾರಿಗೆ ನಷ್ಟ...

ಅವರು ಹೊಸಿಲ ಮೇಲೆ ಕೂತರು, ನಾನು ಎದುರಿಗೆ ಕೂತೆ. ಕನ್ನಡಕ್ಕೆ ಮಾಡುತ್ತಾ ಓದಿದೆ. ಮಗ ಓಡಿಹೋದವನೆಂಬ ಮಾತನ್ನು ಸರ್ಕಾರ ಹೊಡೆದುಹಾಕಿದೆ. ಅವನು ಜೈಲಿನಲ್ಲಿ ಹೊಡೆತದಿಂದ ಸತ್ತನೆಂದು ಬರೆದಿದೆ. ಹೊಡೆದವರ ಮೇಲೆ ಮೊಕದ್ದಮೆ ನಡೆಯುತ್ತಿದೆ. ಇಷ್ಟು ವರ್ಷ ಬದುಕಿದ್ದಾನೋ ಇಲ್ಲವೋ ತಿಳಿಯದೆ ಮಾಡದಿದ್ದ ಅವನ ಕರ್ಮವನ್ನು ಈಗ ಮಾಡಿದೆವು, ಊರಿನವರೆಲ್ಲ ಊಟಕ್ಕೆ ಬಂದರು. ಅಲ್ಲಿಗೆ ಆ ಸಾಲು ಬಂತು. ನಾನು ಕನ್ನಡಕ ತೆಗೆದು ಒರೆಸಿಕೊಂಡು, ಅದನ್ನೂ ಓದಿದೆ: "ನೀವು ಅಂದೇ ಬಾಯಿ ಬಿಟ್ಟಿದ್ದರೆ ನಾನು ಎಂಟು ವರ್ಷ ಬಾಗಿಲಿಗೆ ಅಗುಳಿ ಹಾಕದೆ ಮಲಗಬೇಕಾಗಿರಲಿಲ್ಲ. ಅದನ್ನು ನಾನು ಕ್ಷಮಿಸಲಾರೆ. ಆದರೆ ಮೊದಲು ಹೇಳಿದವರು ನೀವೇ, ಅದನ್ನೂ ಮರೆಯಲಾರೆ."

ಅವರ ಹೆಂಡತಿ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡರು. ಆಮೇಲೆ, "ಸರ್ಯಾಗೇ ಬರ್ಸವ್ಳೆ" ಎಂದರು. "ಇವ್ರೂವೆ ಅದ್ನೇ ಅಂತಿದ್ರು, ಮಲ್ಗಿದ್ದಾಗ್ಲೂ... ಆ ತಾಯಿ ನನ್ ಕ್ಸಮಿಸ್ಬಾರ್ದು, ಕ್ಸಮಿಸಿದ್ರೆ ನಂಗೆ ತಡ್ಯಾಕಾಗಾಕಿಲ್ಲ ಅಂತ." ಮತ್ತೆ ನನ್ನ ಕೈಯಲ್ಲಿದ್ದ ಕಾಗದದ ಕಡೆ ಗದ್ದ ತೋರಿಸಿದರು. "ಅದೊಂದ್ ಸಾಲ ಇನ್ನೊಂದ್ಸಲ ಓದಿ ಟೀಚರಮ್ಮ. ನಿದಾನಕ್ಕೆ."

ಓದಿದೆ. ಆ ತಾಯಿಯಿಂದ ಒಂದು ಮಾತು ಬರಲೆಂದು ಇಸ್ತ್ರಿಯವರು ಎಷ್ಟು ಕಾದಿದ್ದರೆಂದು ನನಗೆ ಗೊತ್ತು. ಪ್ರತಿ ಸಲ ಬಟ್ಟೆ ಕೊಡುವಾಗಲೂ, ಏನಾದರೂ ಬಂತಾ ಎಂದು ಕೇಳುತ್ತಿದ್ದರು. ಈಗ ಆ ಹೊಂಗೆ ಮರದ ಕೆಳಗೆ ಯಾರದೋ ಎರಡು ಬೈಕು ನಿಲ್ಲುತ್ತವೆ. ನಮ್ಮ ಮನೆಯಲ್ಲಿ ವಾಷಿಂಗ್ ಮೆಷಿನ್ ಇದೆ, ಚೆನ್ನಾಗಿಯೇ ಒಗೆಯುತ್ತದೆ. ಅಂಥ ಮನುಷ್ಯ ನನ್ನ ಬೀದಿಯಲ್ಲಿದ್ದರು, ನನ್ನ ತಪ್ಪನ್ನು ನನ್ನ ಮುಖದ ಮೇಲೇ ಹೇಳಿದರು, ಅವರಿಲ್ಲದೆ ನನಗೆ ಬೇಜಾರಾಗುತ್ತದೆ. ನಾಲ್ಕೇ ತಿಂಗಳು. ಇನ್ನು ನಾಲ್ಕು ತಿಂಗಳು ಉಸಿರು ಹಿಡಿದಿದ್ದರೆ, ಆ ಸಾಲನ್ನು ನಾನು ಅವರಿಗೇ ಓದುತ್ತಿದ್ದೆ.